ಬುಧವಾರದ ಮೆಟ್ಟಿಲು

ಕೆಂಪು ಯಾವ ಕೆಂಪಾಗಿರಬೇಕು ಎಂಬ ಪ್ರಶ್ನೆ ಕೊನೆಗೂ ಇತ್ಯರ್ಥವಾಗಲಿದ್ದ ದಿನ ಅದು. ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶದಲ್ಲಿ, ಒಂದು ಮಗ್ಗುಲಿಗೆ ಟಯರಿನ ಗೋದಾಮು, ಇನ್ನೊಂದು ಮಗ್ಗುಲಿಗೆ ಬಿಸ್ಕತ್ತಿನ ಕಾರ್ಖಾನೆ ಇರುವ ಕಟ್ಟಡವೊಂದರ ಮೊದಲ ಮಹಡಿಯಲ್ಲಿ, ಏಳು ವಾರಗಳಿಂದ ಮೂವರು ವಿದ್ಯಾವಂತರು ಅಕ್ಕಿಕಾಳಿನ ಅಗಲದ ಒಂದು ಪಟ್ಟಿಗೆ ಕುಂಕುಮದ ಕೆಂಪು ಒಪ್ಪುವುದೋ ದಾಳಿಂಬೆಯ ಕೆಂಪು ಒಪ್ಪುವುದೋ ಎಂದು ತಲೆ ಕೆಡಿಸಿಕೊಂಡಿದ್ದರು. ಒಂದು ಜಿಲ್ಲೆಯನ್ನು ಒಡೆದು ಎರಡು ಮಾಡುವಾಗಲೂ ಇಷ್ಟು ವಿಚಾರ ನಡೆದಿರಲಾರದು. ಹದಿನಾಲ್ಕು ಮಾದರಿ ತಟ್ಟೆಗಳು ಬಂದಿದ್ದವು. ಮಾಲೀಕ ಮುರಳಿ ಅವುಗಳನ್ನು ಬಿಸಿಲಿನಲ್ಲಿ ನೋಡಿದ್ದ, ಟ್ಯೂಬ್‌ಲೈಟಿನಲ್ಲಿ ನೋಡಿದ್ದ, ತನ್ನ ಷಡ್ಡಕನ ಮಗಳ ಆರತಕ್ಷತೆಗೆ ಜೇಬಿನಲ್ಲಿ ಒಯ್ದು ಮಂಟಪದ ಬೆಳಕಿನಲ್ಲೂ ನೋಡಿದ್ದ. ಬುಧವಾರ ಹನ್ನೊಂದು ಗಂಟೆಗೆ ಸಭೆ, ಹನ್ನೆರಡರೊಳಗೆ ತೀರ್ಮಾನ. ವಿನ್ಯಾಸ ವಿಭಾಗದ ಮುಖ್ಯಸ್ಥನಾದ ಚಲಪತಿ ದೊಡ್ಡಬಳ್ಳಾಪುರದ ತನ್ನ ಮನೆಯ ಬಚ್ಚಲಿನಲ್ಲಿ ಗಡ್ಡ ಹೆರೆದುಕೊಳ್ಳುತ್ತ ಗದ್ದದ ಮೇಲೆ ಕುಯ್ದುಕೊಂಡು, ಒಸರಿದ ಗೆರೆಯನ್ನು ಕನ್ನಡಿಯಲ್ಲಿ ನೋಡಿ, ಇದು ಎರಡರಲ್ಲಿ ಯಾವ ಕೆಂಪು ಎಂದು ಒಂದು ಕ್ಷಣ ನಿಜವಾಗಿಯೂ ಯೋಚಿಸಿದ. ಆಮೇಲೆ ಅವನಿಗೆ ತನ್ನ ಉಪಾಯ ಗೊತ್ತಾಯಿತು. ಕೆಂಪಿನ ಬಗ್ಗೆ ಯೋಚಿಸಿದಷ್ಟು ಹೊತ್ತು ಕಾರ್ಯಸೂಚಿಯ ಎರಡನೆಯ ಬಾಬಿನ ಬಗ್ಗೆ ಯೋಚಿಸಬೇಕಾಗಿರಲಿಲ್ಲ. ಎರಡನೆಯ ಬಾಬು ಒಂದೇ ಸಾಲಿನದು: ಮೊದಲ ಆವೃತ್ತಿಯ ದೋಷ, ಕಾರಣ ಮತ್ತು ಹೊಣೆ.

ಕಂಪನಿ ತಯಾರಿಸುತ್ತಿದ್ದ ಕೈಗಡಿಯಾರದ ಹೆಸರು ಛಾಯಾ. ಬ್ಯಾಟರಿಯ ಸೋಂಕಿಲ್ಲದೆ ಕೀಲಿಯ ಬಲದಿಂದಲೇ ನಡೆಯುವ, ಮೇಷ್ಟರೊಬ್ಬರ ವರ್ಷದ ಸಂಬಳಕ್ಕೆ ಒಂದು ಸಿಗುವ ಗಡಿಯಾರ. ಅದರ ಮುಖದ ಮೇಲೆ, ಮುಳ್ಳುಗಳ ಕೆಳಗೆ, ಒಂದು ಸಣ್ಣ ಕೆಂಪು ಕಮಾನು ಇತ್ತು. ಆಯಾ ದಿನದ ರಾಹುಕಾಲ ಎಷ್ಟು ಹೊತ್ತಿಗೆ ಶುರುವಾಗಿ ಎಷ್ಟು ಹೊತ್ತಿಗೆ ಮುಗಿಯುತ್ತದೋ ಅಷ್ಟು ಜಾಗದ ಮೇಲೆ ಆ ಕಮಾನು ಹೋಗಿ ಕೂರುತ್ತಿತ್ತು: ಸೋಮವಾರ ಏಳೂವರೆಯ ಮೇಲೆ, ಮಂಗಳವಾರ ಮೂರರ ಮೇಲೆ. ಇಂಥದ್ದನ್ನು ಜಗತ್ತಿನಲ್ಲಿ ಯಾರೂ ಮಾಡಿಲ್ಲ ಎಂದು ಕಂಪನಿಯ ಕೈಪಿಡಿ ಹೇಳುತ್ತಿತ್ತು. ಮಾಡಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ ಎಂಬುದನ್ನು ಕೈಪಿಡಿ ಹೇಳುತ್ತಿರಲಿಲ್ಲ. ಇಡೀ ಚಮತ್ಕಾರ ಇದ್ದದ್ದು ಒಳಗೆ, ಹುಣಿಸೆಬೀಜದಷ್ಟಿದ್ದ ಒಂದು ಉಕ್ಕಿನ ಬಿಲ್ಲೆಯಲ್ಲಿ. ಅದರ ಅಂಚಿನ ಸುತ್ತ ಏಳು ಮೆಟ್ಟಿಲು, ವಾರದ ಏಳು ದಿನಕ್ಕೆ. ದಿನಕ್ಕೊಂದು ಮೆಟ್ಟಿಲು ತಿರುಗಿದಂತೆ ಅದರ ಮೇಲೆ ಒರಗಿದ ಸನ್ನೆಕೋಲು ಏರಿ ಇಳಿದು ಕಮಾನನ್ನು ಸರಿಸುತ್ತಿತ್ತು. ಬಿಲ್ಲೆಯ ನಕ್ಷೆ ಬರೆದವನು ಚಲಪತಿ. ನಕ್ಷೆ ನೋಡಿ ಬಿಲ್ಲೆಯನ್ನು ಅರದಿಂದ ಉಜ್ಜಿ, ಕೂದಲೆಳೆಯ ಲೆಕ್ಕದಲ್ಲಿ ಮೆಟ್ಟಿಲು ಕಡೆದವನು ಮಸ್ತಾನ್. ಮೊದಲ ಆವೃತ್ತಿಯ ಇಪ್ಪತ್ತನಾಲ್ಕು ಗಡಿಯಾರಗಳಲ್ಲೂ ಕೆಂಪು ಕಮಾನು ಬುಧವಾರ ಹನ್ನೆರಡರ ಮೇಲೆ ಕೂರುವುದರ ಬದಲು ಹತ್ತೂವರೆಯ ಮೇಲೆ ಕೂರುತ್ತಿತ್ತು.

"ಉಪ್ಪಿಟ್ಟು ಆರೋಗ್ತಾ ಇದೆ" ಎಂದಳು ರೂಪ ಅಡುಗೆಮನೆಯಿಂದ. ಅವನ ಹೆಂಡತಿ ಎಂದೂ ಎರಡನೆಯ ಸಲ ಕರೆಯುವವಳಲ್ಲ. ಚಲಪತಿ ಹೋಗಿ ಗೋಡೆಗೆ ಬೆನ್ನು ಮಾಡಿ ಕೂತ. ಆ ಗೋಡೆಯ ಮೇಲೆ ಫ್ರಿಜ್ಜಿನ ಪಕ್ಕದಲ್ಲಿ ದಿನದ ಹಾಳೆ ಹರಿಯುವ ಕ್ಯಾಲೆಂಡರು ತೂಗುತ್ತಿತ್ತು. ಪ್ರತಿ ಹಾಳೆಯ ಬುಡದಲ್ಲಿ ಇರುವೆ ಸಾಲಿನಂತೆ ರಾಹುಕಾಲ, ಗುಳಿಕಕಾಲ, ಯಮಗಂಡಕಾಲ ಒಂದರ ಪಕ್ಕ ಒಂದು. ಎರಡು ವರ್ಷದ ಹಿಂದೆ ಒಂದು ಭಾನುವಾರ, ಇದೇ ಮೇಜಿನ ಮೇಲೆ ಹಾಳೆಗಳನ್ನು ಎತ್ತಿ ಎತ್ತಿ ನೋಡುತ್ತ ಅವನು ಏಳು ದಿನದ ಪಟ್ಟಿ ಬರೆದುಕೊಂಡಿದ್ದ. ಬುಧವಾರದ ಹಾಳೆಯಲ್ಲಿ ಕಣ್ಣು ಪಕ್ಕದ ಕಾಲಮಿಗೆ ಜಾರಿತ್ತು. ಗುಳಿಕಕಾಲವನ್ನು ರಾಹುಕಾಲದ ಮನೆಯಲ್ಲಿ ಬರೆದಿದ್ದ, ಅಷ್ಟೆ. ಅಷ್ಟೆ ಎಂದುಕೊಳ್ಳುವಾಗೆಲ್ಲ ಅವನಿಗೆ ಅದರ ಹಿಂದಿನದೂ ನೆನಪಾಗುತ್ತಿತ್ತು. ಬರೆದದ್ದನ್ನು ಇನ್ನೊಮ್ಮೆ ನೋಡುವ ಮನಸ್ಸು ಅವನಿಗಿರಲಿಲ್ಲ. ಯಂತ್ರವಾದರೆ ಹತ್ತು ಸಲ ನೋಡುವವನು. ಆದರೆ ರಾಹುವೆಂದರೆ ಅವನಿಗೆ ಚಿಕ್ಕಂದಿನಿಂದ ನಗು, ಕಾಲೇಜಿನಲ್ಲಂತೂ ಭಾಷಣವನ್ನೇ ಮಾಡಿದ್ದ. ನಂಬದೆ ಇರುವ ವಿಷಯವನ್ನು ಎರಡು ಸಲ ಓದುವುದು ತನ್ನ ಬುದ್ಧಿಗೆ ಅವಮಾನ ಎಂದು ಎಲ್ಲೋ ಒಳಗೆ ಅನ್ನಿಸಿತ್ತು. ರೂಪ ಆ ದಿನ ಈರುಳ್ಳಿ ಹೆಚ್ಚುತ್ತ ಪಕ್ಕದಲ್ಲೇ ಇದ್ದಳು. ಕೇಳಿದ್ದರೆ ಕಣ್ಣೆತ್ತದೆ ಏಳು ದಿನದ್ದೂ ಹೇಳುತ್ತಿದ್ದಳು. ಅವನು ಕೇಳಿರಲಿಲ್ಲ.

"ಉಪ್ಪು ಸರಿಯಾಗಿದೆಯಾ?"

"ಹ್ಞೂಂ."

"ಇವತ್ತು ಅದೇ ಮೀಟಿಂಗಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅವಳು ಮಂಗಳವಾರದ ಹಾಳೆಯನ್ನು ಪರ್ರನೆ ಹರಿದು ಮುದ್ದೆ ಮಾಡಿ ಬುಟ್ಟಿಗೆ ಹಾಕಿದಳು. ಅವಳಿಗೆ ಗೊತ್ತೋ ಇಲ್ಲವೋ ಅವನಿಗೆ ತಿಳಿದಿರಲಿಲ್ಲ. ತಪ್ಪು ನನ್ನದು ಎಂದು ಅವಳಿಗೆ ಹೇಳಿರಲಿಲ್ಲ. ಮಸ್ತಾನನದು ಎಂದೂ ಹೇಳಿರಲಿಲ್ಲ. "ಬಿಲ್ಲೇಲಿ ತಪ್ಪಾಗಿದೆ" ಎಂದಿದ್ದ, ಬಿಲ್ಲೆಗಳು ತಾವೇ ಎದ್ದು ಹೋಗಿ ತಪ್ಪು ಮಾಡಿಕೊಂಡು ಬರುತ್ತವೆ ಎನ್ನುವ ಹಾಗೆ.

ಬಸ್ ನಿಲ್ದಾಣದ ಎದುರು, ಎಳನೀರಿನ ಗಾಡಿಯ ಪಕ್ಕ, ಮಸ್ತಾನ್ ಎಂದಿನಂತೆ ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ರೆಕ್ಸಿನ್ ಚೀಲ. ಆರು ವರ್ಷದಿಂದ ಇಬ್ಬರೂ ಒಂದೇ ಕಾರಿನಲ್ಲಿ ದಾಬಸ್‌ಪೇಟೆಗೆ ಹೋಗಿ ಬರುತ್ತಿದ್ದರು. ಮಸ್ತಾನ್ ಮುಂದಿನ ಸೀಟಿನಲ್ಲೇ ಕೂರುತ್ತಿದ್ದ, ಆದರೆ ಚಲಪತಿ 'ಕೂತ್ಕೊಳ್ಳಿ' ಎನ್ನುವವರೆಗೆ ಬಾಗಿಲು ಹಿಡಿದು ನಿಂತಿರುತ್ತಿದ್ದ. ಇದು ಮರ್ಯಾದೆಯೋ ಕೀಟಲೆಯೋ ಚಲಪತಿಗೆ ಆರು ವರ್ಷದಲ್ಲಿ ಗೊತ್ತಾಗಿರಲಿಲ್ಲ.

"ಇವತ್ತು ಬಣ್ಣದ ಮೀಟಿಂಗಾ ಸಾರ್, ಬುಧವಾರದ ಮೀಟಿಂಗಾ?"

"ಎರಡೂ."

"ನಂದು ಎರಡನೇದು ಅಂತ ಕಾಣುತ್ತೆ. ನಿನ್ನೆ ಸೇಲ್ಸಿನ ಚೈತ್ರ ಮೇಡಂ ಫೋನ್ ಮಾಡಿ, ಹನ್ನೊಂದೂವರೆಗೆ ಒಳಗ್ ಬನ್ನಿ, ಟೆನ್ಶನ್ ತಗೋಬೇಡಿ ಅಂದ್ರು. ಅಲ್ಲೀತಂಕ ಆರಾಮಾಗೇ ಇದ್ದೆ. ಅವರು ಹಂಗಂದ್ಮೇಲೇನೇ ಬಿಪಿ ಮಾತ್ರೆ ನುಂಗಿದ್ದು."

ಚಲಪತಿ ನಕ್ಕ. ನಕ್ಕದ್ದು ಹೆಚ್ಚಾಯಿತು ಅನ್ನಿಸಿತು. ವರ್ತುಲ ರಸ್ತೆಯ ಎರಡೂ ಕಡೆ ಗೋದಾಮುಗಳು, ಗೋದಾಮುಗಳ ನಡುವೆ ಉಳಿದುಹೋದ ರಾಗಿ ಹೊಲಗಳು, ಅವುಗಳಲ್ಲಿ ಸೈಟು ಮಾರಾಟಕ್ಕಿದೆ ಎಂಬ ಹಲಗೆಗಳು ಹಿಂದಕ್ಕೆ ಓಡುತ್ತಿದ್ದವು. ಚಲಪತಿಗೆ ಹಳೆಯ ಪಾಠವೊಂದು ನೆನಪಾಯಿತು: ಅರವನ್ನು ಮುಂದಕ್ಕೆ ತಳ್ಳಬೇಕು, ವಾಪಸ್ ತರುವಾಗ ಎತ್ತಬೇಕು. 'ವಾಪಸ್ ಬರ್ತಾ ಉಜ್ಜಬೇಡ ಕಣೋ, ಉಕ್ಕಿಗೂ ನೋವು, ಅರಕ್ಕೂ ನೋವು, ನೋಡ್ತಾ ಇರೋ ನನಗೂ ನೋವು.' ಹತ್ತೊಂಬತ್ತು ವರ್ಷದ ಚಲಪತಿ ಅಪ್ರೆಂಟಿಸ್ ಆಗಿ ಸರ್ಕಾರಿ ಗಡಿಯಾರದ ಕಾರ್ಖಾನೆಗೆ ಸೇರಿದಾಗ ಅವನ ಮುಂಗೈ ಹಿಡಿದು ತಿದ್ದಿದವನು ಮಸ್ತಾನ್. ಆಗ 'ಕಣೋ' ಇತ್ತು, ಬೆನ್ನ ಮೇಲೆ ಒಂದು ಏಟೂ ಇತ್ತು. ಕಾರ್ಖಾನೆ ಮುಚ್ಚಿತು. ಚಲಪತಿಯ ಬಳಿ ಡಿಪ್ಲೊಮಾ ಇತ್ತು, ಮಸ್ತಾನನ ಬಳಿ ಕೈ ಇತ್ತು. ಮುರಳಿಯ ಕಂಪನಿಗೆ ಚಲಪತಿ ಮೊದಲು ಸೇರಿ, ಕೈ ಬೇಕಾದಾಗ ಹಳೆಪೇಟೆಯ ರಿಪೇರಿ ಅಂಗಡಿಗೆ ಹೋಗಿ ಮಸ್ತಾನನನ್ನು ಕರೆತಂದಿದ್ದ. ಕಣೋ ಯಾವತ್ತು ಸಾರ್ ಆಯಿತೆಂದು ನೆನಪಿಲ್ಲ. ತಾನು ಬೇಡವೆನ್ನಲಿಲ್ಲ ಎಂಬುದು ಚೆನ್ನಾಗಿ ನೆನಪಿದೆ.

"ನಾನು ಹೇಳ್ತೀನಿ" ಎಂದ ಚಲಪತಿ, ಟೋಲ್ ದಾಟಿದ ಮೇಲೆ.

"ಏನಂತ?"

"ಡ್ರಾಯಿಂಗ್ ತಪ್ಪು ನಂದು ಅಂತ. ನೀವು ಡ್ರಾಯಿಂಗ್ ಪ್ರಕಾರ ಮಾಡಿದ್ರಿ ಅಂತ."

ಮಸ್ತಾನ್ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡ. "ಹೇಳಿ ಸಾರ್. ನೀವ್ ಹೇಳಿದ್ರೆ ಅದು ಮಾತು. ನಾನ್ ಹೇಳಿದ್ರೆ ಚಾಡಿ." ಆಮೇಲೆ ಅಂಗಿಯ ಜೇಬನ್ನು ಎರಡು ಬೆರಳಿನಿಂದ ತಟ್ಟಿ ತೋರಿಸಿದ. "ಆ ಡ್ರಾಯಿಂಗ್ ಕಾಗದ ತಂದಿದೀನಿ. ನಿಮ್ ಸೈನು, ತಾರೀಕು ಎಲ್ಲಾ ಐತೆ. ನೀವ್ ಹೇಳ್ಬಿಟ್ರೆ ಇದು ಜೇಬಲ್ಲೇ ಇದ್ದು ಮನೇಗ್ ಹೋಗುತ್ತೆ. ಸಂಬಳಕ್ಕೆ ಅಲ್ಲ ನಾನ್ ಹೆದರ್ತಿರೋದು. ಕೈ ತಪ್ಪಿದೆ ಅಂತ ಬರೆದ್ಬಿಟ್ರೆ, ಐವತ್ತೊಂಬತ್ತರಲ್ಲಿ ಈ ಕೈನ ಯಾರ್ ನಂಬ್ತಾರೆ? ಹಳೇಪೇಟೇಲಿ ಕೂತು ಹತ್ತು ರೂಪಾಯಿ ಸೆಲ್ ಹಾಕೋಕೂ ಯಾರೂ ಕೊಡಲ್ಲ."

"ನಾನು ಹೇಳ್ತೀನಿ ಅಂದ್ನಲ್ಲ" ಎಂದ ಚಲಪತಿ. ದನಿಯಲ್ಲಿ ಸಿಡುಕು ಇತ್ತು. ಕಾಗದ ತಂದದ್ದು ಅವನಿಗೆ ಚುಚ್ಚಿತ್ತು. ತನ್ನ ಮಾತು ಸಾಲದೇ? ಸಾಲದು ಎಂದು ಅವನಿಗೇ ಗೊತ್ತಿದ್ದರಿಂದ ಇನ್ನಷ್ಟು ಚುಚ್ಚಿತು.

ಯಾಕೆಂದರೆ ಮಸ್ತಾನ್ ಆಗಲೇ ಕೇಳಿದ್ದ. ಮೊದಲ ಬಿಲ್ಲೆಯನ್ನು ಉಜ್ಜುವ ವಾರ, ಜೋಡಣೆಯ ಕೋಣೆಯಲ್ಲಿ, ಕಣ್ಣಿಗೆ ಸಿಕ್ಕಿಸಿದ ಮಸೂರವನ್ನು ಹಣೆಗೆ ಏರಿಸಿಕೊಂಡು ಬಂದು, "ಸಾರ್, ಬುಧವಾರಕ್ಕೂ ಶುಕ್ರವಾರಕ್ಕೂ ಮೆಟ್ಲು ಒಂದೇ ಎತ್ತರ ಬರ್ತಾ ಐತಲ್ಲ? ಏಳು ದಿನ ಅಂದ್ರೆ ಏಳು ಎತ್ತರ ಇರ್ಬೇಕಲ್ವಾ? ಬುಧವಾರ ಹನ್ನೆರಡಕ್ಕಲ್ವಾ ಸಾರ್ ರಾಹುಕಾಲ?" ಎಂದಿದ್ದ. ಅಲ್ಲಿ ಜೋಡಣೆಯ ಇಬ್ಬರು ಹುಡುಗಿಯರಿದ್ದರು. ಚಲಪತಿ ತಲೆಯೆತ್ತಿ, ಮುಖದ ತುಂಬ ನಗುತ್ತ, "ರಾಹುಕಾಲ ನೀವು ನನಗೆ ಹೇಳ್ಕೊಡ್ತೀರಾ ಮಸ್ತಾನ್?" ಎಂದಿದ್ದ. ಹುಡುಗಿಯರೂ ನಕ್ಕಿದ್ದರು. ಮಸ್ತಾನನೂ ನಕ್ಕು, ಮಸೂರವನ್ನು ಕಣ್ಣಿಗೆ ಇಳಿಸಿಕೊಂಡು ಹೋಗಿದ್ದ. ಎರಡು ವರ್ಷದಿಂದ ಆ ವಾಕ್ಯ ಚಲಪತಿಯ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ರಾಹುವನ್ನು ನಂಬದವನು ತಾನು. ಪಂಚಾಂಗ ಓದುವವರನ್ನು ಗೇಲಿ ಮಾಡುವವನು. ಆದರೆ ಮಸ್ತಾನ್ ಎಂಬ ಹೆಸರಿನವನು ಪಂಚಾಂಗ ತಿದ್ದಲು ಬಂದ ಕೂಡಲೇ, ತಾನು ಬಿಟ್ಟುಬಿಟ್ಟೆನೆಂದುಕೊಂಡಿದ್ದ ಆಸ್ತಿಗೆ ತಾನೇ ವಾರಸುದಾರ ಎಂದು ಎದ್ದು ನಿಂತುಬಿಟ್ಟಿದ್ದ. ಬೇಡವೆಂದು ಹಿತ್ತಲಿಗೆ ಎಸೆದ ಹಳೆಯ ಚಪ್ಪಲಿಯನ್ನು ಪಕ್ಕದ ಮನೆಯವನು ಮುಟ್ಟಿದರೆ ಉರಿದು ಬೀಳುವ ಹಾಗೆ.

ತಪ್ಪು ಒಂದು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಅಷ್ಟು ಬೆಲೆಯ ಗಡಿಯಾರವನ್ನು ಜನ ಲಾಕರಿನಲ್ಲಿಟ್ಟು ಮದುವೆಗೆ ಮಾತ್ರ ಕಟ್ಟುತ್ತಿದ್ದರು. ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ ಮದುವೆ ಇಟ್ಟುಕೊಳ್ಳುವವರು ಯಾರು? ಕೊನೆಗೆ ಬೂದಿಗೆರೆಯ ಕಡೆ ಲೇಔಟು ಮಾಡುವ ಬೈರೇಶ್, ಒಂದನೇ ನಂಬರಿನ ಛಾಯಾವನ್ನು ಕಟ್ಟಿಕೊಂಡು, ಅದರ ಗಂಟೆಮುಳ್ಳು ಕೆಂಪನ್ನು ದಾಟಿಹೋದದ್ದನ್ನು ಖುದ್ದಾಗಿ ನೋಡಿ, ಬುಧವಾರ ಹನ್ನೆರಡೂ ಹತ್ತಕ್ಕೆ ಇಪ್ಪತ್ತು ಎಕರೆಯ ಪತ್ರಕ್ಕೆ ಸಹಿ ಮಾಡಿದ. ತಿಂಗಳೊಳಗೆ ಕೋರ್ಟಿನಿಂದ ತಡೆ ಬಂತು. ಕೆರೆಯಂಗಳದಲ್ಲಿ ಸೈಟು ಮಾಡಿದರೆ ಯಾವ ಗಳಿಗೆಯಲ್ಲಿ ಸಹಿ ಹಾಕಿದರೂ ತಡೆ ಬರುತ್ತದೆ ಎಂದು ಯಾರಾದರೂ ಹೇಳಬಹುದಿತ್ತು. ಆದರೆ ಅವನ ತಾಯಿ ವರಲಕ್ಷ್ಮಮ್ಮ ಕ್ಯಾಲೆಂಡರು ನೋಡಿದರು. ಮರುದಿನ ಬೈರೇಶ್ ದಾಬಸ್‌ಪೇಟೆಗೆ ಬಂದು ಗಡಿಯಾರವನ್ನು ಮುರಳಿಯ ಮೇಜಿನ ಮೇಲೆ ಟಪ್ಪೆಂದು ಇಟ್ಟು, "ಗುರು, ಮೂವತ್ತು ರೂಪಾಯಿ ಕ್ಯಾಲೆಂಡರಿಗೆ ಗೊತ್ತಿರೋದು ನಿನ್ ವಾಚಿಗೆ ಗೊತ್ತಿಲ್ವಲ್ಲೋ! ನನ್ನ ಕರ್ಕೊಂಡೋಗಿ ರಾಹು ಬಾಯೊಳಗೇ ಕೂರ್ಸ್ಬಿಟ್ಟೆಯಲ್ಲೋ!" ಎಂದು ಕೂಗಾಡಿದ. ಮುರಳಿ ಬೆವರುತ್ತ, ಯಾರೂ ಕೇಳದಿದ್ದರೂ, "ಅದು... ಮಾಡಿದವರು ನಮ್ಮ ಮಸ್ತಾನ್ ಅಂತ ಒಬ್ರು. ಅವರಿಗೆ ಇದೆಲ್ಲ ಗೊತ್ತಿರಲ್ಲ ನೋಡಿ" ಎಂದ. ಬೈರೇಶನ ಸಿಟ್ಟು ತಟ್ಟನೆ ಇಳಿಯಿತು. "ಓ, ಹಂಗಾ" ಎಂದ. ಆ 'ಹಂಗಾ'ದಲ್ಲಿ ಎಲ್ಲರಿಗೂ ಎಷ್ಟೊಂದು ಸಮಾಧಾನವಿತ್ತು! ಬಾಗಿಲ ಬಳಿ ನಿಂತಿದ್ದ ಚಲಪತಿಗೂ ಇತ್ತು. ತನ್ನ ಎದೆಯಿಂದ ಉಸಿರು ಹೊರಬಿದ್ದ ಸದ್ದು ಅವನಿಗೆ ಈಗಲೂ ಕೇಳಿಸುತ್ತದೆ.

ಸಭೆಯ ಕೋಣೆಯಲ್ಲಿ ಎ.ಸಿ. ಹೆಚ್ಚಾಗಿತ್ತು. ಬಿಸ್ಕತ್ತಿನ ಕಾರ್ಖಾನೆಯಿಂದ ಬೆಣ್ಣೆ ಸುಟ್ಟ ವಾಸನೆ ಕಿಟಕಿ ಮುಚ್ಚಿದರೂ ಬರುತ್ತಿತ್ತು. ಮೇಜಿನ ಮೇಲೆ ಹದಿನಾಲ್ಕು ಕೆಂಪುಗಳು ಸಾಲಾಗಿ ಮಲಗಿದ್ದವು. ಅವುಗಳ ಪಕ್ಕದಲ್ಲಿ ವಾಪಸ್ ಬಂದ ಒಂದನೇ ನಂಬರಿನ ಛಾಯಾ ಟಿಕಟಿಕ ಎನ್ನುತ್ತಿತ್ತು. ಬುಧವಾರವಾದ್ದರಿಂದ ಅದರ ಮುಖದ ಮೇಲೆ ಕಮಾನು ಹತ್ತೂವರೆಯಿಂದ ಹನ್ನೆರಡರವರೆಗೆ ತಪ್ಪಾಗಿ, ಅಂದವಾಗಿ, ಚಾಚಿಕೊಂಡಿತ್ತು. ಚೈತ್ರ ಹೊಸ ಆವೃತ್ತಿಯ ಮಾರಾಟದ ಹೊಣೆ ಹೊತ್ತವಳು, ಮೂವತ್ತರ ಒಳಗಿನವಳು, ಯಾರನ್ನೂ ನೋಯಿಸದೆ ಎಲ್ಲವನ್ನೂ ಹೇಳುವ ತರಬೇತಿ ಪಡೆದವಳು. ಹೊರದೇಶದ ಗಿರಾಕಿಗಳಿಗೆ ರಾಹು ಅರ್ಥವಾಗುವುದಿಲ್ಲವಾದ್ದರಿಂದ ಕೈಪಿಡಿಯಲ್ಲಿ ಇನ್ನುಮುಂದೆ ಅದನ್ನು 'ಮೈಂಡ್‌ಫುಲ್ ಪಾಝ್', ಎಂದರೆ ಎಚ್ಚರದ ವಿರಾಮ, ಎಂದು ಕರೆಯುವುದಾಗಿ ವಿವರಿಸಿದಳು. ದಿನಕ್ಕೆ ಒಂದೂವರೆ ಗಂಟೆ ಮನುಷ್ಯ ಏನನ್ನೂ ಶುರು ಮಾಡದೆ ಸುಮ್ಮನಿರಬೇಕು ಎಂಬುದು ಎಷ್ಟು ಆಧುನಿಕ ಎಂದಳು. ಮುರಳಿ ದಾಳಿಂಬೆಯನ್ನು ಒಪ್ಪಿದ. ಏಳು ವಾರದ ಪ್ರಶ್ನೆ ನಾಲ್ಕು ನಿಮಿಷದಲ್ಲಿ ಮುಗಿಯಿತು. ಹೊಸ ಬಿಲ್ಲೆಗಳನ್ನು ಪೀಣ್ಯದಲ್ಲಿ ಯಂತ್ರದಿಂದ ಕತ್ತರಿಸಿ ತರುವುದು, ಅಂಚು ನುಣುಪು ಮಾಡುವ ಕೆಲಸ ಮಾತ್ರ ಇಲ್ಲೇ ಕೈಯಲ್ಲಿ ಎಂದೂ ಆಯಿತು.

"ನುಣುಪು ಮಾಡೋದು ಮಸ್ತಾನ್ ಅವ್ರೇ ತಾನೇ?" ಎಂದ ಚಲಪತಿ.

"ಅದಕ್ಕೇ ಎರಡನೇ ಪಾಯಿಂಟು" ಎಂದು ಮುರಳಿ ಗೋಡೆಯ ಕಡೆ ನೋಡಿದ. ಗೋಡೆಯ ಮೇಲೆ ಈಗ ಹೊಸದಾಗಿ ದಿನದ ಹಾಳೆಯ ಕ್ಯಾಲೆಂಡರು ತೂಗುತ್ತಿತ್ತು, ಬುಧವಾರದ ರಾಹುಕಾಲದ ಸುತ್ತ ಯಾರೋ ಪೆನ್ನಿನಲ್ಲಿ ಸೊನ್ನೆ ಸುತ್ತಿದ್ದರು. "ಹನ್ನೆರಡಕ್ಕೆ ಮುಂಚೆ ಸೈನ್ ಮಾಡಿ ಮುಗಿಸ್ಬಿಡೋಣ. ಇದರಲ್ಲೂ ಎಡವಟ್ಟು ಮಾಡ್ಕೊಳೋದು ಬೇಡ."

ಮಸ್ತಾನ್ ಒಳಗೆ ಬಂದ. ಖಾಲಿ ಕುರ್ಚಿಯ ಮೇಲೆ ಬಣ್ಣದ ಪೆಟ್ಟಿಗೆಗಳಿದ್ದವು. ಚೈತ್ರ 'ಅಯ್ಯೋ ಸಾರಿ' ಎಂದು ಅವನ್ನು ಎತ್ತುವವರೆಗೆ ಅವನು ನಿಂತೇ ಇದ್ದ. ಕೂತ ಮೇಲೂ ಬೆನ್ನು ಒರಗಿಸಲಿಲ್ಲ.

"ಮಸ್ತಾನ್ ಅವ್ರೇ, ತಪ್ಪು ತಿಳ್ಕೋಬೇಡಿ" ಎಂದು ಮುರಳಿ ಶುರುಮಾಡಿದ. "ಇದು ನಿಮಗೆ ಗೊತ್ತಿರ್ಬೇಕಾದ ವಿಷಯಾನೇ ಅಲ್ಲ. ನಮ್ಮ ಪಂಚಾಂಗ, ನಮ್ಮ ಗೋಳು. ನಿಮ್ಮನ್ನ ಇದಕ್ಕೆ ಹಾಕಿದ್ದೇ ನಮ್ಮ ತಪ್ಪು."

"ನಾನು ಹಾರ್ಶ್ ಆಗಿ ಬರೆದಿಲ್ಲ" ಎಂದಳು ಚೈತ್ರ, ಎದುರಿನ ಹಾಳೆಯನ್ನು ತಿರುಗಿಸಿ ತೋರಿಸುತ್ತ. "ಕೈಕೆಲಸದ ತಪ್ಪು, ಕಲ್ಚರಲ್ ಗ್ಯಾಪ್ ಕಾರಣ, ಅಂತ ಅಷ್ಟೇ."

ಮಸ್ತಾನ್ ಹಾಳೆ ನೋಡಲಿಲ್ಲ. "ಮೇಡಂ, ಹಳೇಪೇಟೇಲಿ ನಮ್ಮಪ್ಪಂದು ಗಡಿಯಾರದ ಅಂಗಡಿ. ಬುಧವಾರ ಹನ್ನೆರಡಾಯ್ತು ಅಂದ್ರೆ ಶಟರ್ ಅರ್ಧ ಎಳ್ದು ಮನೇಗ್ ಬಂದ್ಬಿಡೋರು. ಒಂದೂವರೆ ತಂಕ ಒಬ್ಬ ಗಿರಾಕಿ ಬರ್ತಿರ್ಲಿಲ್ಲ. ವಾರದಲ್ಲಿ ಅವತ್ತೊಂದಿನ ಅವರು ಬಿಸಿ ಅನ್ನ ತಿಂತಿದ್ದು. ನಿಮ್ ರಾಹು ಉಪಕಾರ ನಮ್ ಮನೆ ಮೇಲೆ ಬಾಳ ಐತೆ." ಹೇಳಿ, ಚಲಪತಿಯ ಕಡೆ ತಿರುಗಿದ.

ಎಲ್ಲರೂ ಚಲಪತಿಯನ್ನು ನೋಡಿದರು. ವಾಕ್ಯ ಸಿದ್ಧವಿತ್ತು. ಕಾರಿನಲ್ಲಿ, ಬಚ್ಚಲಿನಲ್ಲಿ, ಏಳು ವಾರದ ರಾತ್ರಿಗಳಲ್ಲಿ ಅವನು ಅದನ್ನು ಕಟ್ಟಿದ್ದ: ಡ್ರಾಯಿಂಗ್ ನನ್ನದು, ತಪ್ಪು ನನ್ನದು, ಮಸ್ತಾನ್ ಎಚ್ಚರಿಸಿದ್ದರು, ನಾನು ಕೇಳಲಿಲ್ಲ. ನಾಲ್ಕು ತುಂಡು. ಬೈರೇಶನ ಮುಖ ಕಂಡಿತು, ಜೋಡಣೆಯ ಹುಡುಗಿಯರ ನಗು ಕೇಳಿಸಿತು, ಮುರಳಿಯ ಹುಬ್ಬು ಮೇಲೇರುವುದು ಕಂಡಿತು. "ಡ್ರಾಯಿಂಗ್‌ನಲ್ಲೂ ಸ್ವಲ್ಪ... ಸ್ಪಷ್ಟತೆ ಕಮ್ಮಿ ಇತ್ತು" ಎಂದ. "ಒಟ್ಟಾರೆ ಜವಾಬ್ದಾರಿ ನಮ್ಮ ವಿಭಾಗದ್ದು. ಅಂದ್ರೆ, ಒಂದು ರೀತೀಲಿ, ನಂದೂ." ತನ್ನ ದನಿ ತನಗೇ ಆಕಾಶವಾಣಿಯ ಹವಾಮಾನ ವರದಿಯಂತೆ ಕೇಳಿಸಿತು.

ಮುರಳಿಯ ಮುಖ ಅರಳಿತು. "ನೋಡಿದ್ರಾ ಮಸ್ತಾನ್, ಇದು ಚಲಪತಿಯವರ ದೊಡ್ಡತನ! ನಿಮ್ಮನ್ನ ಬಿಟ್ಟುಕೊಡಬಾರದು ಅಂತ ತಮ್ಮ ಮೇಲೆ ಹಾಕ್ಕೋತಾರೆ. ಇವತ್ತಿನ ಕಾಲದಲ್ಲಿ ಯಾರ್ರೀ ಮಾಡ್ತಾರೆ ಹೀಗೆ?"

ಚೈತ್ರ ಮೆಚ್ಚುಗೆಯಿಂದ ತಲೆಯಾಡಿಸಿದಳು. ಚಲಪತಿ ಇಲ್ಲ ಇಲ್ಲ ಎನ್ನುವಂತೆ ಕೈಯಾಡಿಸಿದ. ಅದು ವಿನಯದಂತೆ ಕಂಡಿತು. ಆ ಕ್ಷಣದಲ್ಲಿ ಅವನಿಗೆ ಹೊಗಳಿಕೆಯ ಬಿಸುಪು ನಿಜವಾಗಿಯೂ ಹಿತವಾಯಿತು ಎಂಬುದನ್ನು ಆಮೇಲೆ ಎಷ್ಟು ಸಲ ಅಲ್ಲಗಳೆಯಲು ನೋಡಿದರೂ ಆಗಲಿಲ್ಲ.

ಮಸ್ತಾನ್ ಜೇಬಿನಿಂದ ಕಾಗದ ತೆಗೆದು, ನಾಲ್ಕು ಮಡಿಕೆ ಬಿಡಿಸಿ, ಅಂಗೈಯಲ್ಲಿ ಒತ್ತಿ ಮೇಜಿನ ಮೇಲೆ ಹರಡಿದ. ಇಪ್ಪತ್ತು ಪಟ್ಟು ದೊಡ್ಡದು ಮಾಡಿ ಬರೆದ ಬಿಲ್ಲೆ, ಸುತ್ತ ಏಳು ಮೆಟ್ಟಿಲು, ಮೂಲೆಯಲ್ಲಿ ಚಲಪತಿಯ ಅಚ್ಚುಕಟ್ಟಾದ ಕೈಯಲ್ಲಿ ಪಟ್ಟಿ: ಬುಧ, ೧೦.೩೦ರಿಂದ ೧೨. ಕೆಳಗೆ ಸಹಿ. ತಾರೀಖು. "ಇದನ್ನ ನೋಡಿ ಉಜ್ಜಿದ್ದು ಸಾರ್. ಇದರಲ್ಲಿ ಸ್ಪಷ್ಟತೆಗೇನೂ ಕಮ್ಮಿ ಇಲ್ಲ."

ಮುರಳಿ ಓದಿದ. ಇನ್ನೊಮ್ಮೆ ಓದಿದ. ಅವನ ಕಿವಿಗಳು ಕೆಂಪಾದವು. ಬೈರೇಶನಿಗೆ, ಬೈರೇಶನ ಮೂಲಕ ಉಳಿದ ಇಪ್ಪತ್ತಮೂರು ಜನಕ್ಕೆ, ಏನು ಹೇಳಿಯಾಗಿದೆ ಎಂದು ಅವನು ಲೆಕ್ಕ ಹಾಕುತ್ತಿರುವುದು ಚಲಪತಿಗೆ ಗಡಿಯಾರದ ಹಿಂಭಾಗದ ಗಾಜಿನಲ್ಲಿ ಚಕ್ರಗಳು ಕಂಡಂತೆ ಕಾಣುತ್ತಿತ್ತು. ಆಗ ಚೈತ್ರ ಮೆಲ್ಲಗೆ, ಕುತೂಹಲದಿಂದಷ್ಟೇ ಎಂಬಂತೆ, "ಇದು ಹೊರಗೆ ಹೇಗ್ ಬಂತು?" ಎಂದಳು. "ಡ್ರಾಯಿಂಗ್ಸ್ ಎಲ್ಲಾ ಬೀರು ಒಳಗೇ ಇರ್ಬೇಕಲ್ವಾ? ಎಲ್ರೂ ಸೈನ್ ಮಾಡಿದೀವಿ ಅದಕ್ಕೆ."

ಮುರಳಿ ತಲೆಯೆತ್ತಿದ. ಮುಳುಗುವವನಿಗೆ ಮೆಟ್ಟಿಲು ಸಿಕ್ಕಂತಿತ್ತು ಅವನ ಮುಖ. "ಹೌದಲ್ಲ. ಮಸ್ತಾನ್, ಇದು ನಿಮ್ಮ ಮನೇಲಿತ್ತಾ?"

"ಮನೇಲಿತ್ತು."

"ಹಂಗಿದ್ರೆ ಇದು ಸೀರಿಯಸ್ ವಿಷಯ. ಯಾರಾದ್ರೂ ಫೋಟೋ ತೆಗೆದಿದ್ರೆ? ಕಾಪಿ ಮಾಡಿದ್ರೆ?"

"ನಮ್ಮನೇಲಿ ನಾನು, ಶಾಕಿರಾ ಇಬ್ರೇ ಸಾರ್. ಅವಳು ರಾಹುಕಾಲದ ವ್ಯಾಪಾರ ಶುರು ಮಾಡಿಲ್ಲ ಇನ್ನೂ." ಮಸ್ತಾನ್ ಚಲಪತಿಯತ್ತ ಕೈ ತೋರಿದ. "ಸಾರೇ ಕೊಟ್ಟಿದ್ದು. ಶನಿವಾರ ಸಾಯಂಕಾಲ, ಇಲ್ಲಿ ಕರೆಂಟ್ ಇರ್ಲಿಲ್ಲ. ಸೋಮವಾರಕ್ಕೆ ಮೊದಲ್ನೇ ಪೀಸ್ ತೋರಿಸ್ಬೇಕು, ಮನೇಲಿ ಕೂತು ಮುಗ್ಸ್ಬಿಡಿ ಅಂದ್ರು."

"ಹೌದಾ ಚಲಪತಿ?" ಎಂದ ಮುರಳಿ. ಆಮೇಲೆ ಗೋಡೆಯ ಗಡಿಯಾರ ನೋಡಿದ. "ಹನ್ನೆರಡಕ್ಕೆ ನಾಲ್ಕು ನಿಮಿಷ. ಬೇಗ ಹೇಳಿ. ನೀವೇ ಕೊಟ್ಟಿದ್ರಾ?"

ಕೊಟ್ಟಿದ್ದ. ಆ ಸಂಜೆ ಗೋದಾಮಿನ ಜನರೇಟರು ಮಾತ್ರ ಗುಡುಗುತ್ತಿತ್ತು. ಮಸ್ತಾನ್ 'ಬೇಡ ಸಾರ್, ರೂಲ್ಸು' ಎಂದಿದ್ದ. 'ರೂಲ್ಸ್ ಮಾಡಿದ್ದೇ ನಾನು' ಎಂದು ಚಲಪತಿಯೇ ಹಾಳೆಯನ್ನು ನಾಲ್ಕಾಗಿ ಮಡಿಸಿ, ರೆಕ್ಸಿನ್ ಚೀಲದ ಜಿಪ್ಪು ಎಳೆದು, ಒಳಗೆ ಖಾಲಿ ಊಟದ ಡಬ್ಬಿಯ ಪಕ್ಕಕ್ಕೆ ತುರುಕಿದ್ದ. ಡಬ್ಬಿಯಿಂದ ಮೆಂತ್ಯದ ವಾಸನೆ ಬಂದಿತ್ತು. ಭಾನುವಾರವೆಲ್ಲ ಆ ಮನುಷ್ಯ ಕಿಟಕಿಯ ಬೆಳಕಿನಲ್ಲಿ ಕೂತು, ತನಗೆ ತಪ್ಪೆಂದು ಗೊತ್ತಿದ್ದ ಮೆಟ್ಟಿಲನ್ನು, ಕೂದಲೆಳೆಯಷ್ಟೂ ತಪ್ಪಿಲ್ಲದೆ ಉಜ್ಜಿದ್ದ. ಹೌದು ಎಂಬ ಒಂದು ಮಾತು ಸಾಕು. ಹೌದು ಎಂದರೆ ನಿಯಮ ಮುರಿದವನು ತಾನು. ನಕ್ಷೆ ತಪ್ಪು ಬರೆದವನೂ ತಾನು. ಈಗಷ್ಟೇ ದೊಡ್ಡತನಕ್ಕೆ ಹೊಗಳಿಸಿಕೊಂಡವನೂ ತಾನು. ಮೂರೂ ಒಂದೇ ಸಲಕ್ಕೆ ಮೇಜಿನ ಮೇಲೆ ಬಂದು ಕೂರುತ್ತಿದ್ದವು. ಒಂದನ್ನಾದರೆ ತಾಳಿಕೊಳ್ಳಬಹುದಿತ್ತೇನೋ. ಮಸ್ತಾನ್ ಅವನನ್ನು ನೋಡುತ್ತಿದ್ದ, ಬೇಡುವ ನೋಟವಲ್ಲ, ಕೆಲಸ ಕಲಿಯುವ ಹುಡುಗನ ಕೈ ಈಗ ಯಾವ ಕಡೆ ಜಾರುತ್ತದೆ ಎಂದು ಕಾಯುವ ನೋಟ.

"ನೆನಪಿಲ್ಲ" ಎಂದ ಚಲಪತಿ.

ಬೆಣ್ಣೆ ಸುಟ್ಟ ವಾಸನೆ ಒಮ್ಮೆಗೇ ಗಾಢವಾಯಿತು. ಚೈತ್ರ ಲ್ಯಾಪ್‌ಟಾಪಿನಲ್ಲಿ ಒಂದು ಸಾಲು ಅಳಿಸಿ ಇನ್ನೊಂದು ಸಾಲು ಬರೆದಳು. ಮುರಳಿ ನಕ್ಷೆಯನ್ನು ಮೊದಲಿನ ಮಡಿಕೆಗಳ ಮೇಲೆಯೇ ಮಡಿಸಿ ತನ್ನ ಫೈಲಿನೊಳಗೆ ಇಟ್ಟುಕೊಂಡ. "ಇದು ನಮ್ಮ ನಮ್ಮಲ್ಲೇ ಇರ್ಲಿ. ಹೊರಗಿನವರಿಗೆ ಮೊದಲು ಹೇಳಿದ್ದೇ ಇರ್ಲಿ. ಕನ್‌ಫ್ಯೂಸ್ ಮಾಡೋದ್ ಬೇಡ" ಎಂದ, ಯಾರನ್ನೂ ನೋಡದೆ. ಪ್ರಿಂಟರು ಎರಡು ಹಾಳೆ ಉಗುಳಿತು. ಮುರಳಿಯ ಪೆನ್ನು ಬರೆಯಲಿಲ್ಲ. ಅವನು ಅದನ್ನು ಕೊಡವಿದ, ಹಾಳೆಯ ಅಂಚಿಗೆ ಗೀಚಿದ, ಗೋಡೆ ನೋಡಿದ, ಮತ್ತೆ ಕೊಡವಿದ.

ಮಸ್ತಾನ್ ತನ್ನ ಜೇಬಿನ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಮೇಜಿನಾಚೆ ಚಾಚಿದ. "ತಗೊಳಿ, ಬೇಗ ಸೈನ್ ಮಾಡಿ ಸಾರ್. ಹನ್ನೆರಡಾಗೋಯ್ತು ಅಂದ್ರೆ ರಾಹು ಬಂದ್ಬಿಡ್ತಾನೆ."

ಮುರಳಿ ಆ ಪೆನ್ನಿನಿಂದಲೇ ಸಹಿ ಮಾಡಿದ. ಆಮೇಲೆ ಹಾಳೆಯನ್ನೂ ಪೆನ್ನನ್ನೂ ಚಲಪತಿಯತ್ತ ಸರಿಸಿದ. ಚಲಪತಿಯೂ ಮಾಡಿದ. ಪೆನ್ನು ಬೆಚ್ಚಗಿತ್ತು. ಹನ್ನೆರಡಕ್ಕೆ ಇನ್ನೂ ಒಂದು ನಿಮಿಷ ಉಳಿದಿತ್ತು.

ಸಂಜೆ ಐದೂವರೆಗೆ ಚಲಪತಿ ಕಾರಿನ ಬಳಿ ಹೋಗಿ ನಿಂತ. ಏನು ಹೇಳಬೇಕೆಂದು ಮಧ್ಯಾಹ್ನವೆಲ್ಲ ಕಟ್ಟಿದ್ದ. ಮುರಳಿಯ ಹತ್ತಿರ ಒಬ್ಬನೇ ಮಾತಾಡುತ್ತೇನೆ, ನಾಲ್ಕು ದಿನ ಹೋಗಲಿ, ಎಲ್ಲ ತಣ್ಣಗಾಗಲಿ. ಇಪ್ಪತ್ತು ನಿಮಿಷ ಕಾದ. ಗೇಟಿನ ಕಾವಲುಗಾರ ಪಾಪಯ್ಯ ಬೀಡಿ ಆರಿಸಿ ಹತ್ತಿರ ಬಂದು, "ಸಾಬ್ರಿಗಾ ಕಾಯ್ತಿರೋದು? ಅವರು ಮೂರು ಗಂಟೆಗೇ ಬಸ್ಸು ಹತ್ತಿದ್ರಲ್ಲ ಸಾ. ಅರದ ಪೆಟ್ಟಿಗೇನೂ ಎತ್ಕೊಂಡೋದ್ರು. ನಾನ್ ಎಲ್ಲಾ ಬಿಚ್ಸಿ ಚೆಕ್ ಮಾಡಿದೆ, ಕಂಪನಿದು ಏನೂ ಇರ್ಲಿಲ್ಲ" ಎಂದ, ತನ್ನ ಕೆಲಸ ತಾನು ಸರಿಯಾಗಿ ಮಾಡಿದ ತೃಪ್ತಿಯಿಂದ.

ಛಾಯಾದ ಎರಡನೆಯ ಆವೃತ್ತಿ ಯುಗಾದಿಗೆ ಮುಂಚೆ ಮಾರುಕಟ್ಟೆಗೆ ಬಂತು. ಚಲಪತಿ ವಿನ್ಯಾಸ ವಿಭಾಗದ ಮುಖ್ಯಸ್ಥನಾಗಿ ಮುಂದುವರಿದ. ನಕ್ಷೆಯನ್ನು ಅನುಮತಿಯಿಲ್ಲದೆ ಹೊರಗೆ ಒಯ್ದ ಕಾರಣಕ್ಕೆ ಮಸ್ತಾನನನ್ನು ಕೆಲಸದಿಂದ ತೆಗೆದುಹಾಕಲಾಯಿತು.